ವೃಷಣದ ಪೊರೆಯಲ್ಲಿ ನೀರು: ಮುಚ್ಚಿಟ್ಟಷ್ಟೂ ಬೆಳೆಯುವ ಬಾವು

ಕಾರವಾರ, ಅಂಕೋಲಾ ಸೇರಿದಂತೆ ಕರಾವಳಿಯ ಊರುಗಳಿಗೆ ಆನೆಕಾಲು ರೋಗ ಹೊಸತಲ್ಲ. ಉತ್ತರ ಕನ್ನಡವು ರಾಜ್ಯದ ಫೈಲೇರಿಯಾ ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿದ್ದ ಜಿಲ್ಲೆ. ಬಾತುಕೊಂಡ ಕಾಲು ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಇದೇ ರೋಗ ಗಂಡಸರಲ್ಲಿ ಹೆಚ್ಚಾಗಿ ತೋರಿಸಿಕೊಳ್ಳುವುದು ಕಾಲಿನಲ್ಲಲ್ಲ, ವೃಷಣಚೀಲದಲ್ಲಿ. ಪಂಚೆ ಅಥವಾ ಲುಂಗಿಯ ಮರೆಯಲ್ಲಿರುವ ಈ ಬಾವು ಮನೆಯವರಿಗೂ ತಿಳಿಯದೆ ವರ್ಷಗಟ್ಟಲೆ ಬೆಳೆಯುವುದುಂಟು.

ನೀರು ತುಂಬುವುದು ವೃಷಣದೊಳಗೆ ಅಲ್ಲ, ಅದನ್ನು ಸುತ್ತುವರಿದ ಪೊರೆಯಲ್ಲಿ. ಗರ್ಭದಲ್ಲಿರುವ ಗಂಡುಶಿಶುವಿನ ವೃಷಣಗಳು ಮೊದಲು ಹೊಟ್ಟೆಯೊಳಗಿದ್ದು, ಹೆರಿಗೆಗೆ ಮುನ್ನ ಕೆಳಗಿಳಿಯುತ್ತವೆ. ಆಗ ಉದರದ ಒಳಪೊರೆಯ ಒಂದು ಭಾಗವೂ ಚೀಲದಂತೆ ಕೆಳಕ್ಕೆ ಚಾಚಿಕೊಳ್ಳುತ್ತದೆ. ಮೇಲಿನ ದಾರಿ ಮುಚ್ಚಿಹೋದ ಬಳಿಕ ಉಳಿಯುವ ಈ ಇಪ್ಪದರದ ಪೊರೆಗೆ ವೈದ್ಯರು ‘ಟ್ಯುನಿಕಾ ವಜೈನಾಲಿಸ್’ ಎನ್ನುತ್ತಾರೆ. ಪದರಗಳ ನಡುವೆ ತುಸುವೇ ದ್ರವವಿದ್ದು, ವೃಷಣವು ಉಜ್ಜಾಟವಿಲ್ಲದೆ ಜಾರಾಡಲು ಅನುಕೂಲವಾಗುತ್ತದೆ. ಇದರ ಒಳಗೆ, ವೃಷಣಕ್ಕೆ ಅಂಟಿಕೊಂಡು, ‘ಟ್ಯುನಿಕಾ ಅಲ್ಬುಜಿನಿಯಾ’ ಎಂಬ ಬಿಳಿಯ ಗಟ್ಟಿ ಹೊದಿಕೆ ಬೇರೆಯೇ ಇದೆ.

ದ್ರವ ಸ್ರವಿಸುವುದೂ ಹೀರಲ್ಪಡುವುದೂ ಸಮನಾಗಿರುವವರೆಗೆ ತೊಂದರೆಯಿಲ್ಲ. ಸಮತೋಲ ತಪ್ಪಿದರೆ ಹೈಡ್ರೋಸೀಲ್. ಕ್ಯೂಲೆಕ್ಸ್ ಸೊಳ್ಳೆ ಹರಡುವ ಫೈಲೇರಿಯಾ ಹುಳುಗಳು ವೃಷಣದ ಸುತ್ತಲಿನ ದುಗ್ಧರಸ ನಾಳಗಳಲ್ಲಿ ನೆಲೆಸಿ ಅವುಗಳನ್ನು ಕೆಡಿಸುತ್ತವೆ. ಮನೆಯ ಹಿಂದಿನ ಚರಂಡಿ, ತೆರೆದ ಶೌಚಗುಂಡಿಗಳ ಕೊಳಕು ನೀರೇ ಈ ಸೊಳ್ಳೆಯ ತವರು. ಮರಿಹುಳುಗಳು ರಾತ್ರಿಯ ಹೊತ್ತು ರಕ್ತದಲ್ಲಿ ಸಂಚರಿಸುವುದರಿಂದಲೇ ಆರೋಗ್ಯ ಸಿಬ್ಬಂದಿ ರಾತ್ರಿ ಮನೆಗೆ ಬಂದು ರಕ್ತ ಕೇಳುತ್ತಿದ್ದುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2.5 ಕೋಟಿ ಪುರುಷರು ಫೈಲೇರಿಯಾದಿಂದಾದ ಹೈಡ್ರೋಸೀಲ್ ಹೊತ್ತು ಬದುಕಿದ್ದಾರೆ. ಪೆಟ್ಟು, ಸೋಂಕು, ಅಪರೂಪಕ್ಕೆ ಗಡ್ಡೆಯೂ ನೀರು ತುಂಬಲು ಕಾರಣವಾಗಬಹುದು. ಹಸುಗೂಸುಗಳಲ್ಲಿ ಮೇಲಿನ ದಾರಿ ಮುಚ್ಚದೆ ಉಳಿದು ಕಾಣಿಸುವ ಬಾವು ಬಹುಮಟ್ಟಿಗೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಜನರ ಮಾತಿನಲ್ಲಿ ಇದಕ್ಕೂ ಹರ್ನಿಯಾಕ್ಕೂ ‘ಅಂಡವಾಯು’ ಎಂಬ ಒಂದೇ ಹೆಸರು. ಇದರಿಂದ ಗೊಂದಲವೇ ಹೆಚ್ಚು. ಹರ್ನಿಯಾದಲ್ಲಿ ಇಳಿದುಬರುವುದು ಕರುಳು. ಅದು ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ಹೈಡ್ರೋಸೀಲ್ ಮೇಲೆ ಟಾರ್ಚ್ ಹಿಡಿದರೆ ಸಾಮಾನ್ಯವಾಗಿ ಬೆಳಕು ಹಾಯುತ್ತದೆ. ಆದರೆ ಅದನ್ನಷ್ಟೇ ನಂಬಿ ಕೂರುವಂತಿಲ್ಲ. ವೈದ್ಯರ ಪರೀಕ್ಷೆ, ಅಗತ್ಯವಿದ್ದರೆ ಸ್ಕ್ಯಾನಿಂಗ್ ಬೇಕೇಬೇಕು.

ದೇಶದಲ್ಲಿ 2004ರಿಂದ ಪೀಡಿತ ಜಿಲ್ಲೆಗಳ ಜನರಿಗೆ ಡಿ.ಇ.ಸಿ. ಮಾತ್ರೆಗಳ ಸಾಮೂಹಿಕ ವಿತರಣೆ ಆರಂಭವಾಯಿತು. ಈಗ 2027ರೊಳಗೆ ರೋಗ ನಿರ್ಮೂಲನೆಯ ಗುರಿಯಿದೆ. ಮಾತ್ರೆ ಮರಿಹುಳುಗಳನ್ನು ಕೊಂದು ರೋಗ ಹರಡುವುದನ್ನು ತಡೆಯುತ್ತದೆ, ನಿಜ. ಹಳೆಯ ಹೈಡ್ರೋಸೀಲನ್ನು ಅದು ಇಳಿಸುತ್ತದೆಂಬ ಭರವಸೆಯಿಲ್ಲ. ಸೂಜಿಯಿಂದ ನೀರು ತೆಗೆಸಿದರೂ ಪೊರೆ ಹಾಗೆಯೇ ಉಳಿಯುವುದರಿಂದ ಮತ್ತೆ ತುಂಬುವುದೇ ಹೆಚ್ಚು, ಜೊತೆಗೆ ಸೋಂಕಿನ ಭಯ. ದೊಡ್ಡವರಲ್ಲಿ ನೆಲೆನಿಂತ ಪರಿಹಾರವೆಂದರೆ ಶಸ್ತ್ರಚಿಕಿತ್ಸೆ: ಪೊರೆಯನ್ನು ಕತ್ತರಿಸಿ ತೆಗೆಯುತ್ತಾರೆ, ಇಲ್ಲವೆ ಒಳಹೊರಗು ಮಾಡಿ ಹೊಲಿಯುತ್ತಾರೆ. ವೃಷಣಕ್ಕೆ ಕೈಹಚ್ಚುವುದಿಲ್ಲ. ಗಂಡಸುತನ ಹೋಗುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಬದಲಿಗೆ, ಭಾರದ ಬಾವಿನಿಂದ ದೋಣಿಯಲ್ಲೋ ಗದ್ದೆಯಲ್ಲೋ ದುಡಿಯಲಾರದವನು ಮತ್ತೆ ಕೆಲಸಕ್ಕೆ ಮರಳುತ್ತಾನೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಅಂಕೋಲೆಯಲ್ಲಿ ತಾಲೂಕು ಆಸ್ಪತ್ರೆಯೂ ಇರುವಾಗ ಮೊದಲ ತಪಾಸಣೆಗೆ ದೂರದ ಊರಿಗೆ ಹೋಗಬೇಕಾದುದಿಲ್ಲ.

ತಡಮಾಡಲೇಬಾರದ ಸಂದರ್ಭವೊಂದಿದೆ. ಕೆಲವು ಹುಡುಗರಲ್ಲಿ ಈ ಪೊರೆ ವೃಷಣವನ್ನು ಪೂರ್ತಿಯಾಗಿ ಸುತ್ತುವರಿದಿದ್ದು, ವೃಷಣವು ಹಿಂಬದಿಯ ಆಸರೆಯಿಲ್ಲದೆ ಗಂಟೆಯ ನಾಲಿಗೆಯಂತೆ ತೂಗಾಡುತ್ತದೆ. ಅದು ತಿರುಚಿಕೊಂಡರೆ ರಕ್ತಸಂಚಾರ ನಿಲ್ಲುತ್ತದೆ. ಹಠಾತ್ತನೆ ತೀವ್ರ ನೋವು, ವಾಂತಿ ಬರುತ್ತದೆ. ಎಷ್ಟೋ ಹುಡುಗರು ನಾಚಿಕೆಯಿಂದ ಹೊಟ್ಟೆನೋವೆಂದಷ್ಟೇ ಹೇಳುತ್ತಾರೆ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು. ಬೆಳಗಾಗಲಿ ಎಂದು ಕಾಯ್ದರೆ ಅದನ್ನು ತೆಗೆಯಬೇಕಾದೀತು.