ಮಲಿನಜಲ ಪಂಪಿಂಗ್ ಕೇಂದ್ರಗಳ ಹಳೆಯ ವಿದ್ಯುತ್ ಉಪಕರಣಗಳ ಬದಲಾವಣೆ: ಗ್ರಾಮ ಪಂಚಾಯಿತಿ ಸದಸ್ಯರು ಗಮನಿಸಬೇಕಾದ ಅಂಶಗಳು

ಒಳಚರಂಡಿಯ ಮಲಿನಜಲವು ಸಾಧ್ಯವಿರುವಷ್ಟು ದೂರ ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ತಗ್ಗು ಸ್ಥಳದಲ್ಲಿ ಅದನ್ನು ವೆಟ್‌ವೆಲ್ ಎಂಬ ಬಾವಿಯಲ್ಲಿ ಸಂಗ್ರಹಿಸಿ, ಪಂಪುಗಳ ಮೂಲಕ ಶುದ್ಧೀಕರಣ ಘಟಕಕ್ಕೆ ಎತ್ತಬೇಕಾಗುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಕರ್ನಾಟಕ ಸಮಗ್ರ ನಗರ ನೀರು ನಿರ್ವಹಣಾ ಹೂಡಿಕೆ ಕಾರ್ಯಕ್ರಮದಲ್ಲಿ ದಾವಣಗೆರೆ, ಹರಿಹರಗಳೊಂದಿಗೆ ನಮ್ಮ ಜಿಲ್ಲೆಯ ರಾಣೇಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳೂ ಸೇರಿವೆ.

ಈ ಕೇಂದ್ರಗಳ ನಿರ್ವಹಣೆ ನಗರಸಭೆ, ಪುರಸಭೆಗಳ ಹೊಣೆಯಾದರೂ ಅದರ ಪರಿಣಾಮ ಗ್ರಾಮಗಳಿಗೂ ತಟ್ಟುತ್ತದೆ. ಪಂಪು ನಿಂತರೆ ಬಾವಿ ತುಂಬಿ ಮಲಿನಜಲ ಹಳ್ಳಕ್ಕೆ ಸೇರುತ್ತದೆ. ಹಳ್ಳದ ನೀರು ಕೆಳಗಿನ ಗ್ರಾಮಗಳ ಹೊಲ, ಕೆರೆ, ದನಕರುಗಳ ಕುಡಿಯುವ ನೀರಿನ ತಾಣಗಳನ್ನು ಹಾಯ್ದು ಕೊನೆಗೆ ನದಿಯನ್ನು ಕೂಡುತ್ತದೆ. ಗಳಗನಾಥದ ಬಳಿ ವರದಾ ನದಿಯು ಸೇರುವ ತುಂಗಭದ್ರೆಯೇ ಜಿಲ್ಲೆಯ ಅನೇಕ ಊರುಗಳ ಕುಡಿಯುವ ನೀರಿನ ಆಧಾರ. ಇದಲ್ಲದೆ, ಪಂಚಾಯಿತಿಗಳ ಪಂಪ್‌ಹೌಸ್‌ಗಳಲ್ಲಿಯೂ ಇಂತಹವೇ ಸ್ಟಾರ್ಟರ್, ಪ್ಯಾನಲ್ ಬೋರ್ಡ್ ಮತ್ತು ಮೋಟಾರುಗಳಿವೆ.

ಉಪಕರಣಗಳು ಹಾಳಾಗುವ ಬಗೆ

1. ಕೊಳೆತ ಮಲಿನಜಲದಿಂದ ಹೊಮ್ಮುವ ಹೈಡ್ರೋಜನ್ ಸಲ್ಫೈಡ್ ಅನಿಲವು ತೇವಾಂಶದೊಡನೆ ಸೇರಿ ತಾಮ್ರ ಮತ್ತು ಬೆಳ್ಳಿಯ ಸಂಪರ್ಕ ಭಾಗಗಳ ಮೇಲೆ ಕಪ್ಪು ಪದರವನ್ನು ಉಂಟುಮಾಡುತ್ತದೆ. ಆ ಭಾಗ ಬಿಸಿಯೇರಿ ಕ್ರಮೇಣ ಸುಡುತ್ತದೆ.

2. ಮೂರು ಫೇಸುಗಳಲ್ಲಿ ಒಂದು ಕಡಿತಗೊಂಡರೆ, ಪೂರ್ಣ ಹೊರೆಯ ಮೋಟಾರಿನ ಉಳಿದೆರಡು ಫೇಸುಗಳಲ್ಲಿ ವಿದ್ಯುತ್ ಪ್ರವಾಹ ಸುಮಾರು 1.73 ಪಟ್ಟು ಏರುತ್ತದೆ. ಇದನ್ನು ತಡೆಯುವ ಸಾಧನ ಕೆಟ್ಟಿದ್ದರೆ ವೈಂಡಿಂಗ್ ಸುಡುತ್ತದೆ.

3. ಮೋಟಾರಿನ ಉಷ್ಣತೆ ಮಿತಿಗಿಂತ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದಾಗಲೆಲ್ಲ ನಿರೋಧಕ ಪದರದ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಬದಲಾವಣೆಯ ಕ್ರಮ

ಅನುದಾನ ಸೀಮಿತವಾಗಿರುವಲ್ಲಿ ಜೀವಹಾನಿ ತಡೆಯುವ ಕೆಲಸಕ್ಕೆ ಪ್ರಥಮ ಆದ್ಯತೆ ನೀಡುವುದು ಸೂಕ್ತ. ಮೊದಲು ಅರ್ಥಿಂಗ್, ಸೋರಿಕೆ ವಿದ್ಯುತ್ ತಡೆಯುವ ಬ್ರೇಕರ್ ಹಾಗೂ ಫೇಸ್ ರಕ್ಷಣಾ ಸಾಧನಗಳು, ನಂತರ ಸ್ಟಾರ್ಟರ್ ಮತ್ತು ಪ್ಯಾನಲ್ ಬೋರ್ಡ್, ಆನಂತರ ಕೇಬಲ್, ಕೊನೆಯಲ್ಲಿ ಮೋಟಾರು. ಮೊದಲ ಹಂತದ ವೆಚ್ಚ ಅತ್ಯಲ್ಪ. ಅದನ್ನು ಬಿಟ್ಟು ಹೊಸ ಮೋಟಾರನ್ನಷ್ಟೇ ಕೂಡಿಸಿದರೆ ಅದೂ ಬೇಗನೆ ಸುಡುವ ಸಂಭವವಿದೆ. ಹೊಸ ಪ್ಯಾನಲ್ ಬೋರ್ಡನ್ನು ವೆಟ್‌ವೆಲ್‌ನ ಅನಿಲ ತಲುಪದ, ಗಾಳಿಯಾಡುವ ಪ್ರತ್ಯೇಕ ಕೋಣೆಯಲ್ಲಿ ಅಳವಡಿಸಬೇಕು. ಕೇಬಲ್ ಪೈಪುಗಳ ಬಾಯಿಯನ್ನು ಮುಚ್ಚಬೇಕು.

ಪದೇ ಪದೇ ರಿವೈಂಡಿಂಗ್ ಆದ ಮೋಟಾರು ವಿದ್ಯುತ್ ಬಿಲ್ಲನ್ನೂ ಏರಿಸುತ್ತದೆ. ಉದಾಹರಣೆಗೆ, 7.5 ಕಿಲೋವ್ಯಾಟ್ (10 ಎಚ್‌ಪಿ) ಹಳೆಯ ಮೋಟಾರಿನ ದಕ್ಷತೆ ಶೇ. 84 ಇದ್ದು, ಹೊಸ ಐಇ-3 ಮೋಟಾರಿನದು ಶೇ. 90.4 ಇದ್ದರೆ, ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 0.63 ಯೂನಿಟ್ ಉಳಿಯುತ್ತದೆ. ದಿನಕ್ಕೆ 8 ಗಂಟೆ ಓಡಿದರೆ ವರ್ಷಕ್ಕೆ ಸುಮಾರು 1,840 ಯೂನಿಟ್ ಉಳಿತಾಯವಾಗುತ್ತದೆ.

ಕಾರ್ಮಿಕರ ಸುರಕ್ಷತೆ

ಪಂಪು ಕೆಟ್ಟಾಗ ಬಾವಿಗೆ ಮನುಷ್ಯರನ್ನು ಇಳಿಸುವ ಒತ್ತಡ ಹುಟ್ಟುತ್ತದೆ. ಒಳಚರಂಡಿ ಹಾಗೂ ಮಲದ ಗುಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಯಾರನ್ನೂ ನೇಮಿಸುವುದನ್ನು 2013ರ ಮಲಹೊರುವ ವೃತ್ತಿ ನಿಷೇಧ ಹಾಗೂ ಪುನರ್ವಸತಿ ಅಧಿನಿಯಮವು ನಿಷೇಧಿಸಿದೆ. ಒಳಚರಂಡಿ ಸಾವುಗಳಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಸುಸ್ಥಿತಿಯ ಪ್ಯಾನಲ್ ಹಾಗೂ ಸಿದ್ಧವಿರುವ ಹೆಚ್ಚುವರಿ ಪಂಪು ಇದ್ದಲ್ಲಿ ಆ ಒತ್ತಡವೇ ಬಹುಮಟ್ಟಿಗೆ ತಪ್ಪುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

* ಪಂಪ್‌ಹೌಸ್‌ನಲ್ಲಿ ವೋಲ್ಟೇಜ್, ಮೂರೂ ಫೇಸುಗಳ ಆಂಪಿಯರ್ ಹಾಗೂ ಪಂಪು ಓಡಿದ ಗಂಟೆಗಳನ್ನು ನೀರುಗಂಟಿಯವರು ಪ್ರತಿದಿನ ವಹಿಯಲ್ಲಿ ದಾಖಲಿಸುತ್ತಿರುವರೇ ಎಂದು ಪರಿಶೀಲಿಸುವುದು.

* ಫ್ಯೂಸ್ ಜಾಗದಲ್ಲಿ ದಪ್ಪ ತಾಮ್ರದ ತಂತಿ, ಸುಟ್ಟ ವಾಸನೆ, ತೆರೆದ ಪ್ಯಾನಲ್ ಬಾಗಿಲು ಕಂಡಲ್ಲಿ ಕೂಡಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಗಮನಕ್ಕೆ ತರುವುದು. ಪ್ಯಾನಲ್ ಅನ್ನು ಸ್ವತಃ ಮುಟ್ಟಬಾರದು.

* ಮಳೆಗಾಲಕ್ಕೆ ಮುನ್ನ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಮತ್ತು ಇನ್ಸುಲೇಷನ್ ಪರೀಕ್ಷೆ ಮಾಡಿಸುವುದು. 500 ವೋಲ್ಟ್ ಮೆಗ್ಗರ್ ಪರೀಕ್ಷೆಯಲ್ಲಿ 1 ಮೆಗಾ ಓಮ್‌ಗಿಂತ ಕಡಿಮೆ ಬಂದಲ್ಲಿ ದೋಷ ಸರಿಪಡಿಸುವವರೆಗೆ ಚಾಲನೆ ಮಾಡಬಾರದು.

* ಪಟ್ಟಣದ ಮಲಿನಜಲ ಹಳ್ಳಕ್ಕೆ ಹರಿಯುತ್ತಿದ್ದಲ್ಲಿ ದಿನಾಂಕ, ಸಮಯ ಹಾಗೂ ಸ್ಥಳದ ವಿವರದೊಂದಿಗೆ ಸಂಬಂಧಿಸಿದ ನಗರ ಸ್ಥಳೀಯ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ತಾಲ್ಲೂಕು ಪಂಚಾಯಿತಿಗೆ ಸಲ್ಲಿಸುವುದು.

ದುರಸ್ತಿಗೆ ಪ್ರತಿ ವರ್ಷ ಆಗುವ ವೆಚ್ಚವನ್ನು ವಹಿಯಿಂದ ಒಟ್ಟುಗೂಡಿಸಿ ಸಾಮಾನ್ಯ ಸಭೆಯಲ್ಲಿ ಮಂಡಿಸಿದಲ್ಲಿ, ಯಾವ ಉಪಕರಣವನ್ನು ಮೊದಲು ಬದಲಿಸಬೇಕೆಂಬುದು ಸ್ಪಷ್ಟವಾಗುತ್ತದೆ. ಅದರ ಆಧಾರದ ಮೇಲೆ ಮುಂದಿನ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಈ ಕಾಮಗಾರಿಗಳನ್ನು ಸೇರಿಸಿಕೊಳ್ಳಬಹುದಾಗಿದೆ.