ಗೆಲ್ಲುವವರು ಯಾರು?

ಲಿಂಗಸೂಗೂರಿನ ಕಡೆಯಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಬರುವ ಮುಂಜಾನೆಯ ಬಸ್ಸಿನಲ್ಲಿ ನಾನು ಮೂರು ವರ್ಷ ಓಡಾಡಿದ್ದೇನೆ. ಆ ಬಸ್ಸಿನಲ್ಲಿ ಚೀಟಿಯಿಲ್ಲದೆ ಪ್ರಯಾಣ ಮಾಡುವವರು ಎಂದಾದರೊಮ್ಮೆ ಸಿಕ್ಕಾರು. ಅಭಿಪ್ರಾಯವಿಲ್ಲದೆ ಪ್ರಯಾಣ ಮಾಡುವವರನ್ನು ಇದುವರೆಗೆ ಕಂಡಿಲ್ಲ. ಬೇಸಿಗೆ ಹುಟ್ಟಿ ಐ.ಪಿ.ಎಲ್. ಕ್ರಿಕೆಟ್ ಆರಂಭವಾಯಿತೆಂದರೆ ಮಳೆ, ಪೇಟೆಯ ದರ, ಚುನಾವಣೆ ಎಲ್ಲವೂ ಹಿಂದಾಗಿ, ಸಂಜೆ ಗೆಲ್ಲುವವರು ಯಾರು ಎಂಬ ಒಂದೇ ಮಾತು ಉಳಿಯುತ್ತದೆ. “ಬರದ್ ಇಟ್ಕೋ, ಇವತ್ತ ನಮ್ಮವ್ರು ಗೆಲ್ಲೂದೇ” ಎಂದು ಒಬ್ಬರು ಸೀಟಿನ ಹಿಡಿಕೆಯನ್ನು ಗುದ್ದಿ ಹೇಳುತ್ತಾರೆ. ಮರುದಿನ ಅದೇ ಮಹಾಶಯರು ಸೋಲಿನ ಕಾರಣವನ್ನು ಮೊದಲೇ ಬಲ್ಲವರಂತೆ ವಿವರಿಸುತ್ತಾರೆ. ಬರೆದಿಟ್ಟುಕೊಳ್ಳಲು ಹೇಳಿದವರ ಮಾತನ್ನು ನಾನು ನಿಜವಾಗಿಯೂ ಬರೆದಿಡತೊಡಗಿದೆ. ಈ ಲೇಖನವು ಆ ನೋಟುಬುಕ್ಕಿನ ಫಲ. ನೋಟುಬುಕ್ಕು ಹುಟ್ಟಿದುದಕ್ಕೆ ಬೇರೊಂದು ಕಾರಣವೂ ಉಂಟು. ಅದು ಅಷ್ಟೊಂದು ಹೆಮ್ಮೆಯದಲ್ಲವಾದುದರಿಂದ ಮುಂದೆ ಹೇಳುತ್ತೇನೆ.

ಮೊದಲು ಭವಿಷ್ಯವೆಂದರೆ ಏನೆಂಬುದನ್ನು ನೋಡೋಣ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯನವರು ಬಿಲ್ಲನ್ನೇರಿ ಕಾರ್ಣಿಕ ನುಡಿಯುವುದನ್ನು ನಮ್ಮ ಭಾಗದವರೆಲ್ಲ ಬಲ್ಲರು. ಅದು ಒಂದೇ ಚಿಕ್ಕ ವಾಕ್ಯ. ರೈತರು ಅದರಲ್ಲಿ ಮಳೆಯನ್ನೂ, ರಾಜಕಾರಣಿಗಳು ಕುರ್ಚಿಯನ್ನೂ ಕಾಣುತ್ತಾರೆ. ಅದು ಶ್ರದ್ಧೆಯ ವಿಷಯ. ಅದಕ್ಕೆ ಅದರ ಸ್ಥಾನವಿದೆ. ಆದರೆ ಟಿ.ವಿ.ಯಲ್ಲಿ ಕುಳಿತ ಕ್ರೀಡಾಪಂಡಿತರೂ ಇದೇ ದಾರಿ ಹಿಡಿದರೆ ಹೇಗೆ? “ಮೊದಲ ಆರು ಓವರುಗಳನ್ನು ಚೆನ್ನಾಗಿ ಆಡಿದವರಿಗೆ ಅವಕಾಶ ಹೆಚ್ಚು” ಎಂಬ ಮಾತು ಎಂದಾದರೂ ಸುಳ್ಳಾದೀತೆ? ಸುಳ್ಳಾಗಲಾರದ ಮಾತಿಗೆ ತೂಕವಿಲ್ಲ. ಯಾರು, ಯಾವ ಪಂದ್ಯದಲ್ಲಿ, ನೂರಕ್ಕೆ ಎಷ್ಟು ಪಾಲು ಎಂದು ಹೇಳಿದರೆ ಮಾತ್ರ ಅದನ್ನು ತಕ್ಕಡಿಗೆ ಹಾಕಲು ಬರುತ್ತದೆ.

ಇನ್ನು 1983ರ ಕಥೆ. ಆ ವರ್ಷ ಇಂಗ್ಲೆಂಡಿನಲ್ಲಿ ವಿಶ್ವಕಪ್ ಆರಂಭವಾಗುವ ಮುನ್ನ ಭಾರತದ ಮೇಲೆ ಒಂದಕ್ಕೆ ಅರುವತ್ತಾರರ ಪಣವಿದ್ದಿತು. ಅಂದರೆ ನಮ್ಮವರು ಗೆಲ್ಲುವ ಸಂಭವ ನೂರರಲ್ಲಿ ಒಂದೂವರೆ ಎಂದು ಲಂಡನ್ನಿನ ಲೆಕ್ಕ. ‘ವಿಸ್ಡನ್ ಕ್ರಿಕೆಟ್ ಮಂತ್ಲಿ’ಯ ಸಂಪಾದಕ ಡೇವಿಡ್ ಫ್ರಿತ್ ಎಂಬವರು, ಆಟ ಸುಧಾರಿಸದಿದ್ದರೆ ಭಾರತದಂಥ ತಂಡಗಳು ಹಿಂದೆ ಸರಿಯುವುದು ಲೇಸೆಂಬರ್ಥದಲ್ಲಿ ಬರೆದಿದ್ದರು. ಇಂದು ನಾವು ಅವರನ್ನು ನೋಡಿ ನಗುತ್ತೇವೆ. ಆದರೆ ನಗುವ ಮೊದಲು ಅವರ ಕೈಯಲ್ಲಿದ್ದ ಪುರಾವೆಯನ್ನು ನೋಡಬೇಡವೆ? 1975 ಮತ್ತು 1979ರ ಎರಡು ವಿಶ್ವಕಪ್ಪುಗಳಲ್ಲಿ ಭಾರತ ಆಡಿದ ಪಂದ್ಯಗಳು ಆರು, ಗೆದ್ದುದು ಒಂದೇ; ಅದೂ ಪೂರ್ವ ಆಫ್ರಿಕದ ಮೇಲೆ. ಇಷ್ಟನ್ನೇ ನೋಡಿದವರಿಗೆ ಫ್ರಿತ್ ಹೇಳಿದುದು ತಪ್ಪಾಗಿ ಕಾಣದು. ಅವರು ಎಡವಿದುದು ಬೇರೆ ಕಡೆ. 1983ರ ಮಾರ್ಚ್ ತಿಂಗಳಲ್ಲಿಯೇ ಬರ್ಬಿಸ್ ಎಂಬಲ್ಲಿ ಭಾರತ ತಂಡವು ವೆಸ್ಟ್ ಇಂಡೀಸನ್ನು ಅವರ ನೆಲದಲ್ಲಿಯೇ 27 ರನ್ನುಗಳಿಂದ ಸೋಲಿಸಿದ್ದಿತು. ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಮತ್ತೊಮ್ಮೆ ಅವರನ್ನೇ ಸೋಲಿಸಿತು. ಹಳೆಯ ದಾಖಲೆಯೊಂದನ್ನೇ ಹಿಡಿದು ಹೊಸ ಪುರಾವೆಯನ್ನು ತಳ್ಳಿಹಾಕಿದುದು ಪಂಡಿತರ ದೋಷ. ಹಾಗೆಂದು, ಬರ್ಬಿಸ್ಸಿನ ಒಂದು ಗೆಲುವನ್ನು ಕಂಡೊಡನೆ “ಕಪ್ಪು ನಮ್ಮದೇ” ಎನ್ನುವುದೂ ಅಷ್ಟೇ ದೊಡ್ಡ ದೋಷವಾಗುತ್ತಿದ್ದಿತು. ಒಂದೂವರೆಯನ್ನು ಐದಕ್ಕೋ ಎಂಟಕ್ಕೋ ಏರಿಸುವುದು ವಿವೇಕ. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯೆದುರು 17 ರನ್ನಿಗೆ ಐದು ವಿಕೆಟ್ ಬಿದ್ದಾಗ ಅದು ಮತ್ತೆ ಇಳಿಯಬೇಕಾಗಿತ್ತು. ಅಲ್ಲಿಂದ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಒಂಬತ್ತನೆಯ ವಿಕೆಟ್ಟಿಗೆ ಜೊತೆ ನಿಂತವರು ನಮ್ಮ ಸೈಯದ್ ಕಿರ್ಮಾನಿ. ಜೂನ್ 25ರ ಫೈನಲಿನಲ್ಲಿ 183ಕ್ಕೆ ಔಟಾದ ಭಾರತ, ವೆಸ್ಟ್ ಇಂಡೀಸನ್ನು 140ಕ್ಕೆ ಕೆಡವಿತು. ಆ ಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ಬೆಂಗಳೂರಿನ ರೋಜರ್ ಬಿನ್ನಿ. ಫ್ರಿತ್ ಮಹಾಶಯರು ತಮ್ಮ ಮಾತು ಅಚ್ಚಾಗಿದ್ದ ಕಾಗದವನ್ನು ನಿಜವಾಗಿಯೂ ತಿಂದು, ಆ ಚಿತ್ರವನ್ನು ತಮ್ಮ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ನಮ್ಮ ಪಂಡಿತರಲ್ಲಿ ಈ ಒಂದು ಗುಣವಿದ್ದಿದ್ದರೆ ಕಾಗದದ ಬೆಲೆ ಏರುತ್ತಿದ್ದಿತು.

ಇದರ ಮಗ್ಗುಲಲ್ಲಿ ಇನ್ನೊಂದನ್ನಿಡುತ್ತೇನೆ. 1958-59ರಿಂದ 1972-73ರವರೆಗೆ ಹದಿನೈದು ವರ್ಷ ಒಂದೇ ಸವನೆ ರಣಜಿ ಟ್ರೋಫಿಯನ್ನು ಗೆದ್ದುದು ಮುಂಬಯಿ. ಆ ಕಾಲದಲ್ಲಿ ಕ್ರಿಕೆಟ್ಟಿನ ಗಂಧವಿಲ್ಲದವನೂ “ಈ ಸಲವೂ ಮುಂಬಯಿ” ಎಂದು ಹೇಳಿ ಹದಿನೈದು ಸಲ ಪಂಡಿತನಾಗಬಹುದಾಗಿತ್ತು. 1973-74ರ ಸೆಮಿಫೈನಲಿನಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕ, ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಮುಂಬಯಿಯನ್ನು ಹೊರದೂಡಿ, ಮುಂದೆ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ಟ್ರೋಫಿ ತಂದಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ಕೆಲವೇ ತಿಂಗಳು. ಹಾಗಾದರೆ “ಮುಂಬಯಿ” ಎಂದವನು ಮೂರ್ಖನೆ? ಅಲ್ಲ. ಮುಂದಿನ ಮೂರು ವರ್ಷ ಮತ್ತೆ ಮುಂಬಯಿಯೇ ಗೆದ್ದಿತು. ಫಲ ತಪ್ಪಿದ ಮಾತ್ರಕ್ಕೆ ವಿಚಾರ ತಪ್ಪೆಂದಾಗಲಿ, ಫಲ ಸರಿಬಂದ ಮಾತ್ರಕ್ಕೆ ವಿಚಾರ ಸರಿಯೆಂದಾಗಲಿ ಹೇಳಬರುವುದಿಲ್ಲ. ಜರ್ಮನಿಯಲ್ಲಿ ಪೌಲ್ ಎಂಬ ಅಷ್ಟಪದಿಯೊಂದು 2010ರ ಫುಟ್ಬಾಲ್ ವಿಶ್ವಕಪ್ಪಿನ ಎಂಟು ಪಂದ್ಯಗಳನ್ನು ಎಂಟಕ್ಕೆಂಟು ಸರಿಯಾಗಿ ಸೂಚಿಸಿತು. ನಾಣ್ಯ ಚಿಮ್ಮಿ ಹೀಗಾಗುವ ಸಂಭವ 256ರಲ್ಲಿ ಒಂದು. ಲೋಕದಲ್ಲಿ ಭವಿಷ್ಯ ನುಡಿಯುವ ಪ್ರಾಣಿಗಳೂ ಪಂಡಿತರೂ 256ಕ್ಕಿಂತ ಎಷ್ಟೋ ಹೆಚ್ಚು; ತಪ್ಪಿದವರ ಹೆಸರು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಬೆಂಗಳೂರಿನ ತಂಡದ ಮಾತೆತ್ತದೆ ಈ ಲೇಖನ ಮುಗಿದರೆ ಮಿತ್ರರು ನನ್ನನ್ನು ಬಸ್ಸಿಗೆ ಹತ್ತಗೊಡರು. 2008ರಿಂದ 2024ರವರೆಗೆ ಹದಿನೇಳು ಸಲ ಆ ತಂಡಕ್ಕೆ ಕಪ್ಪು ಒಲಿಯಲಿಲ್ಲ. 2009, 2011, 2016ರಲ್ಲಿ ಫೈನಲಿಗೆ ಬಂದೂ ಸೋತಿತು. ಶಾಪವೆಂದರು, ಹೆಸರಿನ ದೋಷವೆಂದರು. ನಾನು ಲೆಕ್ಕ ಮಾಡಿ ನೋಡಿದೆ. ಎಂಟು ತಂಡಗಳೂ ಸಮಬಲವೆಂದು ಹಿಡಿದರೂ, ಒಂದು ತಂಡ ಹದಿನೇಳು ವರ್ಷ ಬರಿಗೈಯಲ್ಲಿರುವ ಸಂಭವ ಹತ್ತರಲ್ಲಿ ಒಂದು. ಎಂಟು ತಂಡಗಳಿರುವಲ್ಲಿ ಒಂದಕ್ಕೆ ಹೀಗಾಗುವುದರಲ್ಲಿ ಶಾಪದ ಕೈವಾಡವೇನೂ ಬೇಕಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಕಪ್ಪು ತಂದಾಗ, “ನಾನು ಹೇಳಿರಲಿಲ್ಲವೆ?” ಎಂದವರು ಆ ಮಾತನ್ನು ಎಷ್ಟು ವರ್ಷಗಳಿಂದ ಹೇಳುತ್ತಿದ್ದರೆಂಬುದನ್ನು ನಾನು ಬಲ್ಲೆ. ಬಯಕೆ ಬೇರೆ, ಭವಿಷ್ಯ ಬೇರೆ. ಬಯಸುವುದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ನಾನೂ ಅಂದು ರಾತ್ರಿ ಕೂಗಿ ಗಂಟಲು ಕೆಡಿಸಿಕೊಂಡವನೇ.

ಬಹುಜನರ ಅಭಿಪ್ರಾಯಕ್ಕೆ ಬೆಲೆಯಿಲ್ಲವೆ ಎಂದು ಕೇಳಬಹುದು. ಉಂಟು. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಪಟ್ಟಣದ ಜಾನುವಾರು ಪ್ರದರ್ಶನವೊಂದರಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸುವ ಸ್ಪರ್ಧೆ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸರು 787 ಚೀಟಿಗಳನ್ನು ತಂದು ಜೋಡಿಸಿ ನೋಡಿದಾಗ, ನಟ್ಟನಡುವಿನ ಊಹೆಯು ನಿಜವಾದ ತೂಕಕ್ಕೆ ನೂರಕ್ಕೆ ಒಂದರಷ್ಟೂ ದೂರವಿರಲಿಲ್ಲ. ಆದರೆ ಅಲ್ಲಿ ಒಬ್ಬೊಬ್ಬನೂ ತಾನೇ ನೋಡಿ ತಾನೇ ಬರೆದಿದ್ದನು. ನಮ್ಮ ಬಸ್ಸಿನ ಐವತ್ತು ಮಂದಿಯೋ, ಹಿಂದಿನ ರಾತ್ರಿ ಒಂದೇ ಟಿ.ವಿ. ಕಾರ್ಯಕ್ರಮ ನೋಡಿ ಬಂದವರು. ಐವತ್ತು ಬಾಯಿ, ಒಂದೇ ಅಭಿಪ್ರಾಯ.

ಕಾಲೇಜಿನ ಆಟಗಳ ಬಗೆ ಬೇರೆ. ಆಟದಲ್ಲಿ ಅಂಕಗಳು ಹೆಚ್ಚಿದಷ್ಟೂ ಅದೃಷ್ಟದ ಪಾಲು ಕಡಿಮೆಯಾಗುತ್ತದೆ. ಎರಡು ಮೂರು ಗೋಲುಗಳ ಫುಟ್ಬಾಲಿನಲ್ಲಿ ಒಂದು ಜಾರಿದ ಕಾಲು ಪಂದ್ಯವನ್ನೇ ಕೊಡಬಹುದು. ಕಬಡ್ಡಿಯಲ್ಲಿ ಬಲಾಢ್ಯರೇ ಗೆಲ್ಲುವುದು ಹೆಚ್ಚು. ಆದರೆ ಆ ಬಲವೆಲ್ಲ ಒಬ್ಬನಲ್ಲಿಯೇ ಇರಬಹುದು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಪ್ರೊ ಕಬಡ್ಡಿಯ ಫೈನಲನ್ನು 38-33ರಿಂದ ಗೆದ್ದಾಗ, ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರವೇ. ಅಂಥವನೊಬ್ಬನಿಗೆ ಜ್ವರ ಬಂದರೆ? ಕಾಲೇಜಿನಲ್ಲಿ ಅಂಕಿ-ಅಂಶಗಳ ಪುಸ್ತಕವಿಲ್ಲ. ಮೂರನೆಯ ವರ್ಷದವರು ಹೊರಟರೆ ತಂಡವೇ ಬದಲಾಗುತ್ತದೆ. ಒಮ್ಮೆ ಅಂತರ್ ಕಾಲೇಜು ಕಬಡ್ಡಿಯಲ್ಲಿ ನಮ್ಮವರೇ ಗೆಲ್ಲುವರೆಂದು ಕಾಲೇಜಿಗೆ ಕಾಲೇಜೇ ನಂಬಿತ್ತು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಹಿರಿಯರೊಬ್ಬರು ಮಾತ್ರ, “ಇವತ್ತ ಆಗಂಗಿಲ್ಲ ಬಿಡ್ರಿ, ಹುಡುಗ್ರು ಮೂರ್ ದಿನದಿಂದ ನೆಲ್ಲಿನ ಚೀಲ ಹೊತ್ತಾರ, ಭುಜ ನೋಡ್ರಿ” ಎಂದರು. ನಾವು ಸೋತೆವು. ಅವರು ಹೇಳಿದುದು ಸರಿಬಂದಿತೆಂದಲ್ಲ, ಅವರು ಕಾರಣ ಕೊಟ್ಟರೆಂದು ನನಗೆ ಇಂದಿಗೂ ಗೌರವ.

ಕಾರಣದ ಮಾತು ಬಂದುದರಿಂದ ನಮ್ಮ ಮಸ್ಕಿಯನ್ನು ನೆನೆಯುತ್ತೇನೆ. ಶಾಸನಗಳ ‘ಪ್ರಿಯದರ್ಶಿ’ ಎಂಬವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಟರ್ನರ್ ಎಂಬವರು 1837ರಲ್ಲಿಯೇ ಸೂಚಿಸಿದ್ದರು. ಅಶೋಕನೆಂಬ ಹೆಸರೇ ಇರುವ ಶಾಸನ ಮಸ್ಕಿಯ ಬಂಡೆಯಲ್ಲಿ ಸಿಕ್ಕಿದುದು 1915ರಲ್ಲಿ. ಅಭಿಪ್ರಾಯವೊಂದು ಎಪ್ಪತ್ತೆಂಟು ವರ್ಷ ಕಾಯಿತು. ಆಟದ ಪಂಡಿತರಿಗೆ ಸಂಜೆಯವರೆಗೂ ತಾಳ್ಮೆಯಿರುವುದಿಲ್ಲ.

ಈಗ ನನ್ನ ಕಥೆ. 2024ರ ಬೇಸಿಗೆಯಲ್ಲಿ ಬೆಂಗಳೂರು ತಂಡ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿತು. ಬರದ ವರ್ಷ, ತಂದೆ ಜೋಳ ಮಾರಿ ಫೀಸಿಗೂ ಕೋಣೆಯ ಬಾಡಿಗೆಗೂ ಕೊಟ್ಟ ಹಣ ನನ್ನಲ್ಲಿತ್ತು. ಇವರು ಇನ್ನು ಗೆಲ್ಲಲಾರರೆಂದು ನಿಶ್ಚಯಿಸಿ, ಪರಿಚಯದವನೊಬ್ಬನ ಮೂಲಕ, ನಮ್ಮ ತಂಡ ಸೋಲುವುದರ ಮೇಲೆ ನೂರು ರೂಪಾಯಿ ಕಟ್ಟಿದೆ. ಗೆದ್ದುಬಿಟ್ಟರು. ಹೋದ ಹಣ ಮರಳಿಸಲು ಇನ್ನೂರು ಕಟ್ಟಿದೆ. ಮತ್ತೆ ಗೆದ್ದರು. ನಾನೂರು, ಎಂಟುನೂರು, ಸಾವಿರದಾರುನೂರು, ಮೂರು ಸಾವಿರದಿನ್ನೂರು. ತಂಡ ಒಂದೇ ಸವನೆ ಆರು ಪಂದ್ಯ ಗೆದ್ದಿತು. ನನ್ನ 6300 ರೂಪಾಯಿ ಹೋಯಿತು. ಊರೆಲ್ಲ ಪಟಾಕಿ ಹಾರಿಸುತ್ತಿದ್ದಾಗ ನಾನೊಬ್ಬ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದೆ. ಏಳನೆಯ ಪಂದ್ಯದಲ್ಲಿ ಅವರು ರಾಜಸ್ಥಾನಕ್ಕೆ ಸೋತರು. ಅಷ್ಟರಲ್ಲಿ ಕಟ್ಟಲು ನನ್ನಲ್ಲಿ ಕಾಸಿರಲಿಲ್ಲ.

ಪಣದ ಲೆಕ್ಕವನ್ನು ಆಮೇಲೆ ಕಲಿತೆ. ಸಮಬಲದ ಪಂದ್ಯದಲ್ಲಿ ನೂರು ಕಟ್ಟಿದವನಿಗೆ ಗೆದ್ದರೆ ಇನ್ನೂರು ಬರಬೇಕು. ಪಣದವನು ಕೊಡುವುದು ನೂರತೊಂಬತ್ತು. ಆದುದರಿಂದ ಸರಾಸರಿಯಲ್ಲಿ ನೂರು ಹೋಗಿ ತೊಂಬತ್ತೈದು ಬರುತ್ತದೆ. ಕೈ ಸಮನಾಗಬೇಕಾದರೆ ನೂರರಲ್ಲಿ ಐವತ್ತಮೂರು ಸಲ ಸರಿಹೇಳಬೇಕು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಪಿಸುಮಾತಿನ ಪಣ ಊರಿಂದ ಹೋಗಿದೆಯೆಂದು ನಾನು ನಂಬಲಾರೆ. ರಜೆಯ ಎರಡು ತಿಂಗಳು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊತ್ತು ಹಣ ತೀರಿಸಿದೆ. ತಂದೆಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ನಾನೂ ವರ್ಷಾ ಮಳಿ ಮ್ಯಾಲ ರೊಕ್ಕ ಕಟ್ತೀನಿ. ಆದ್ರ ಸೋತ ಮರುವರ್ಷ ಎರಡರಷ್ಟು ಬಿತ್ತಂಗಿಲ್ಲ” ಎಂದರು.

ಅಂದಿನಿಂದ ಹಣವಿಲ್ಲ, ನೋಟುಬುಕ್ಕು ಮಾತ್ರ. ಅದರಲ್ಲಿ ಅಂಕ ಕೊಡುವ ಬಗೆಯನ್ನು 1950ರಲ್ಲಿ ಗ್ಲೆನ್ ಬ್ರಯರ್ ಎಂಬ ಹವಾಮಾನ ತಜ್ಞರು ಹೇಳಿದ ರೀತಿಯಿಂದ ತೆಗೆದುಕೊಂಡಿದ್ದೇನೆ. ಗೆಲುವಿಗೆ 90 ಪಾಲು ಎಂದವನು ಸರಿಯಾದರೆ ತಪ್ಪು 0.1, ಅದರ ವರ್ಗ 0.01, ತಪ್ಪಿದರೆ 0.9ರ ವರ್ಗ 0.81. 60 ಎಂದವನಿಗೆ 0.16 ಅಥವಾ 0.36. ಏನೂ ತಿಳಿಯದೆಂದು ಸದಾ 50 ಹೇಳುವವನಿಗೆ 0.25. ಸರಾಸರಿ ಕಡಿಮೆ ಇದ್ದವನೇ ಬಲ್ಲವನು. ಬಸ್ಸಿನ ಘಟಾನುಘಟಿಗಳಲ್ಲಿ ಹೆಚ್ಚಿನವರು 0.25ನ್ನು ದಾಟಿ ಆಚೆ ನಿಂತರು. ಅಂದರೆ ಸುಮ್ಮನಿದ್ದವರೇ ಅವರಿಗಿಂತ ಮೇಲು. ನಾನು ಆ ಗೆರೆಯ ಈಚೆಗೆ ಕೂದಲೆಳೆಯಷ್ಟು ಇದ್ದೇನೆ. ಎಲ್ಲರಿಗಿಂತ ಮುಂದಿರುವವರು ಮಸ್ಕಿಯಲ್ಲಿ ಹತ್ತುವ ಒಬ್ಬ ಹತ್ತಿ ವ್ಯಾಪಾರಿ. ಅವರು ಎಂದೂ 70ರ ಮೇಲೆ ಹೇಳಿದವರಲ್ಲ.

ಬರುವ ಅಂತರ್ ಕಾಲೇಜು ಕಬಡ್ಡಿಗೆ ನಮ್ಮ ತಂಡದ ಮುಂದೆ ನಾನು 40 ಎಂದು ಬರೆದಿದ್ದೇನೆ. ಇಬ್ಬರು ರೈಡರುಗಳು ಹೋದ ವರ್ಷ ಪದವಿ ಮುಗಿಸಿ ಹೋದರೆಂಬುದು ಕಾರಣ. ಇದು ಹೇಗೋ ತಂಡದ ನಾಯಕರ ಕಿವಿಗೆ ಬಿದ್ದು, ಅವರು ಒಂದು ವಾರದಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ.