ಮೂರು ಗಂಟೆಯ ಪರೀಕ್ಷೆಗೆ ಇನ್ನೂರು ಗಂಟೆ: ಕೂಳೂರಿನಲ್ಲಿ ಕೂತು ಹಾಕಿದ ಲಿನಕ್ಸ್ ಲೆಕ್ಕ

ರೆಡ್ ಹ್ಯಾಟ್ ಕಂಪನಿ ಲಿನಕ್ಸ್ ನಿರ್ವಾಹಕರಿಗೆ ಕೊಡುವ ಆರ್‌ಎಚ್‌ಸಿಎಸ್‌ಎ ಪ್ರಮಾಣಪತ್ರದ ಪರೀಕ್ಷೆಗೆ 3 ಗಂಟೆ, ಒಟ್ಟು 300 ಅಂಕ, ಪಾಸಾಗಲು 210. ಉತ್ತರ ಬರೆಯುವುದಿಲ್ಲ, ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದೂ ಇಲ್ಲ. ಲಿನಕ್ಸ್ ಯಂತ್ರವನ್ನು ಎದುರಿಗಿಟ್ಟು ಕೆಲಸ ಹೇಳುತ್ತಾರೆ: ಇಂಥ ಬಳಕೆದಾರರನ್ನು ಸೇರಿಸಿ, ಇಷ್ಟು ಗಾತ್ರದ ಡಿಸ್ಕ್ ವಿಭಾಗ ಮಾಡಿ, ಈ ಸೇವೆ ತಾನಾಗಿ ಶುರುವಾಗುವಂತೆ ಮಾಡಿ. ಮಾಡಿದ ಕೆಲಸ ಯಂತ್ರ ರೀಬೂಟ್ ಆದ ಮೇಲೂ ಉಳಿದಿದ್ದರೆ ಮಾತ್ರ ಅಂಕ. ಇಂಟರ್ನೆಟ್ ಮುಟ್ಟುವಂತಿಲ್ಲ, ಯಂತ್ರದೊಳಗೇ ಇರುವ ಕೈಪಿಡಿ, ಅಂದರೆ ಮ್ಯಾನ್ ಪೇಜುಗಳನ್ನು ನೋಡಬಹುದು.

ಫಲ್ಗುಣಿ ನದಿಯ ದಡದ ಕೂಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಪಣಂಬೂರಿನ ಬಂದರು, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಮುಂದೆ ಸುರತ್ಕಲ್‌ನಲ್ಲಿ 1960ರಲ್ಲಿ ಶುರುವಾದ ಈಗಿನ ಎನ್‌ಐಟಿಕೆ. ದಕ್ಷಿಣಕ್ಕೆ ಕೊಟ್ಟಾರ ಚೌಕಿ, ಅದರಾಚೆ ಕದ್ರಿ ಗುಡ್ಡದ ಕೆಪಿಟಿ ಪಾಲಿಟೆಕ್ನಿಕ್. ಡಿಪ್ಲೊಮಾ ಮುಗಿಸಿದವರು, ಪಾಳಿ ಕೆಲಸದ ನಡುವೆ ಕಂಪ್ಯೂಟರ್ ಕಡೆ ಹೊರಳಬೇಕೆಂದಿರುವವರು ಈ ದಾರಿಯಲ್ಲಿ ದಿನವೂ ಓಡಾಡುತ್ತಾರೆ. ಅವರನ್ನು ಕಣ್ಣೆದುರು ಇಟ್ಟುಕೊಂಡೇ ಈ ಲೆಕ್ಕ ಹಾಕಿದ್ದೇನೆ. ‘ಫೀಸು ಎಷ್ಟು?’ ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಆದರೂ ಕೇಳಿದ ಮೇಲೆ ಹೇಳಲೇಬೇಕು.

ಆರ್‌ಎಚ್‌ಸಿಎಸ್‌ಎಗೆ ಅಮೆರಿಕದಲ್ಲಿ 500 ಡಾಲರ್. ಭಾರತಕ್ಕೆ ಕಂಪನಿ ರೂಪಾಯಿಯಲ್ಲೇ ಬೇರೆ ದರ ಇಟ್ಟಿದೆ, ಡಾಲರನ್ನು ನೇರವಾಗಿ ರೂಪಾಯಿ ಮಾಡಿದರೆ ಬರುವುದಕ್ಕಿಂತ ಅದು ಕಡಿಮೆ. ಸುಲಭ ಲೆಕ್ಕಕ್ಕೆ 20,000 ರೂಪಾಯಿ ಎಂದು ಹಿಡಿಯೋಣ. ಶೇ 18 ಜಿಎಸ್‌ಟಿ ಸೇರಿದರೆ 23,600. ಅದನ್ನು 180 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 131 ರೂಪಾಯಿ. ಪರೀಕ್ಷೆಯಲ್ಲಿ ಒಂದು ಆಜ್ಞೆಯ ಆಯ್ಕೆ ಮರೆತು ಹೋಗಿ ಮ್ಯಾನ್ ಪೇಜಿನಲ್ಲಿ ನಾಲ್ಕು ನಿಮಿಷ ತಡಕಾಡಿದರೆ 524 ರೂಪಾಯಿ ಖರ್ಚಾಯಿತು ಎಂದೇ ಅರ್ಥ. ಅದೇ ತಡಕಾಟ ಮನೆಯಲ್ಲಿ ಮುಗಿದಿದ್ದರೆ ಪುಕ್ಕಟೆ.

ಲಿನಕ್ಸ್ ಫೌಂಡೇಶನ್‌ನ ಎಲ್‌ಎಫ್‌ಸಿಎಸ್ ಕೂಡ ಕೈಯಾರೆ ಕೆಲಸ ಮಾಡುವ ಪರೀಕ್ಷೆಯೇ. ಅವಧಿ 2 ಗಂಟೆ, ಕೆಲಸಗಳು 17ರಿಂದ 20, ಪಾಸಾಗಲು ಶೇ 67. ಒಂದೊಂದು ಕೆಲಸಕ್ಕೆ ಆರೇಳು ನಿಮಿಷ ಸಿಗುತ್ತದೆ. 2025ರ ದರ 445 ಡಾಲರ್. ಡಾಲರಿಗೆ 88 ರೂಪಾಯಿ ಹಿಡಿದರೆ 39,160. ನೋಡಲು ದುಬಾರಿ. ಆದರೆ ಮೊದಲ ಸಲ ಫೇಲಾದರೆ ಇನ್ನೊಂದು ಅವಕಾಶ ಅದೇ ಹಣದಲ್ಲಿ ಸೇರಿದೆ, ಜತೆಗೆ ಅಣಕು ಪರೀಕ್ಷೆಯ ಎರಡು ಸುತ್ತುಗಳೂ ಸಿಗುತ್ತವೆ. ಕಾರ್ಡಿನಲ್ಲಿ ಡಾಲರ್ ಕಟ್ಟುವಾಗ ಬ್ಯಾಂಕಿನವರು ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಮೇಲೆ ಹಾಕುತ್ತಾರೆ, ಅದನ್ನು ಮರೆಯಬಾರದು.

ಎಲ್‌ಪಿಐ ಸಂಸ್ಥೆಯ ಎಲ್‌ಪಿಐಸಿ-1ರ ರೀತಿ ಬೇರೆ. ಎರಡು ಪರೀಕ್ಷೆ, ತಲಾ 60 ಪ್ರಶ್ನೆ, ತಲಾ 90 ನಿಮಿಷ. 200ರಿಂದ 800ರವರೆಗಿನ ಮಾಪಕದಲ್ಲಿ 500 ಬಂದರೆ ಪಾಸ್. ಅಮೆರಿಕದ ದರ ತಲಾ 200 ಡಾಲರ್. ಪ್ರಶ್ನೆಗೆ ಒಂದೂವರೆ ನಿಮಿಷ ಮಾತ್ರ, ಆಜ್ಞೆಗಳ ನೆನಪು ಗಟ್ಟಿಯಿರಬೇಕು.

ಪ್ರಮಾಣಪತ್ರ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನೂ ಬೆಲೆಯ ಜತೆಗಿಟ್ಟು ನೋಡಬೇಕು. ಎಲ್‌ಪಿಐಸಿ-1ಕ್ಕೆ 5 ವರ್ಷ, ಆರ್‌ಎಚ್‌ಸಿಎಸ್‌ಎಗೆ 3, ಎಲ್‌ಎಫ್‌ಸಿಎಸ್‌ಗೆ 2. ಅಮೆರಿಕದ ದರದಲ್ಲೇ ಭಾಗಿಸಿದರೆ ವರ್ಷಕ್ಕೆ ಕ್ರಮವಾಗಿ 80, 167 ಮತ್ತು 222 ಡಾಲರ್. ಬರೀ ಈ ಅಂಕಿ ನೋಡಿದರೆ ಎಲ್‌ಪಿಐಸಿ ಅಗ್ಗ. ಹಾಗಿದ್ದೂ ನಾನು ಹೊಸಬರಿಗೆ ಕೈಕೆಲಸದ ಪರೀಕ್ಷೆಯನ್ನೇ ಹೇಳುತ್ತೇನೆ. ಸರ್ವರ್ ಕೆಟ್ಟಾಗ ಅದು ನಾಲ್ಕು ಉತ್ತರ ಕೊಟ್ಟು ಆರಿಸು ಎನ್ನುವುದಿಲ್ಲ.

ಇನ್ನು ಅಭ್ಯಾಸದ ಯಂತ್ರ. ಇಲ್ಲಿ ಖರ್ಚು ಎಷ್ಟು ಕಡಿಮೆ ಎಂಬುದು ತಿಳಿಯದೆಯೇ ಎಷ್ಟೋ ಮಂದಿ ಕೋಚಿಂಗ್ ಬಾಗಿಲಿಗೆ ಹೋಗುತ್ತಾರೆ. 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಅದರೊಳಗೆ ತಲಾ 2 ಜಿಬಿ ರ‍್ಯಾಮಿನ ಎರಡು ವರ್ಚುವಲ್ ಯಂತ್ರ ಕೂರಿಸಿದರೂ 4 ಜಿಬಿ ಉಳಿಯುತ್ತದೆ. ಡಿಸ್ಕ್‌ನಲ್ಲಿ ತಲಾ 20 ಜಿಬಿ, ವಿಭಾಗ ಮಾಡಿ ಕೆಡಿಸಿ ಆಡಲು ತಲಾ 5 ಜಿಬಿಯ ಇನ್ನೊಂದು ಡಿಸ್ಕ್, ಒಟ್ಟು 50 ಜಿಬಿ. ತಂತ್ರಾಂಶಕ್ಕೆ ದುಡ್ಡಿಲ್ಲ. ರೆಡ್ ಹ್ಯಾಟ್‌ನ ಡೆವಲಪರ್ ಚಂದಾ ಉಚಿತ, 2021ರಿಂದ ಒಬ್ಬರಿಗೆ 16 ಯಂತ್ರಗಳವರೆಗೆ ಅನುಮತಿ ಇದೆ. ಅದೇ ವರ್ಷ ಬಂದ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್‌ಗಳೂ ರೆಡ್ ಹ್ಯಾಟ್ ಜಾಡಿನವೇ, ಅವಕ್ಕೆ ಖಾತೆ ತೆರೆಯುವ ಗೊಡವೆಯೂ ಇಲ್ಲ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಒಂದು ವಿಷಯ ಗಮನಿಸಬೇಕು. 2025ರ ಮೇನಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ನೇ ಆವೃತ್ತಿ ಹಳೆಯ ಪ್ರೊಸೆಸರ್‌ಗಳ ಮೇಲೆ ಏಳುವುದಿಲ್ಲ. ಇಂಟೆಲ್‌ನದಾದರೆ 2013ರ ಹ್ಯಾಸ್‌ವೆಲ್ ಪೀಳಿಗೆ ಅಥವಾ ಅದರ ನಂತರದ್ದಾಗಬೇಕು. 9ನೇ ಆವೃತ್ತಿಗೆ ಅಷ್ಟು ಹಟವಿಲ್ಲ. ಆಲ್ಮಾ ಲಿನಕ್ಸ್‌ನವರು ಮಾತ್ರ ಹಳೆಯ ಪ್ರೊಸೆಸರ್‌ಗಳಿಗೆಂದೇ 10ನೇ ಆವೃತ್ತಿಯನ್ನು ಬೇರೆಯಾಗಿ ಕಟ್ಟಿಕೊಟ್ಟಿದ್ದಾರೆ. ಬಡ ವಿದ್ಯಾರ್ಥಿಗೆ ಇದು ಸಣ್ಣ ಉಪಕಾರವಲ್ಲ.

ಡೇಟಾ ಲೆಕ್ಕವೂ ಇದೆ. ಪೂರ್ಣ ಡಿವಿಡಿ ಕಡತ ಸುಮಾರು 10 ಜಿಬಿ, ದಿನಕ್ಕೆ 1.5 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಇಳಿಸಿಕೊಳ್ಳಲು ವಾರ ಬೇಕು. ಸುಮಾರು 2 ಜಿಬಿಯ ‘ಮಿನಿಮಲ್’ ಕಡತವಾದರೆ ಎರಡೇ ದಿನ, ಪರೀಕ್ಷೆಯ ತಯಾರಿಗೆ ಅದೇ ಮೇಲು. ಬೇಕಾದ್ದನ್ನು ನಾವೇ ಸೇರಿಸುತ್ತಾ ಕಲಿಯಬಹುದು. ಕರೆಂಟಿನ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. 50 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ 200 ಗಂಟೆ ಓಡಿದರೆ 10 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಆಸುಪಾಸು ಹಿಡಿದರೆ ಇಡೀ ತಯಾರಿಗೆ 60 ರೂಪಾಯಿ. ಗೃಹಜ್ಯೋತಿಯ ಮಿತಿಯೊಳಗಿರುವ ಮನೆಗೆ ಅದೂ ಇಲ್ಲ.

ಆ 200 ಗಂಟೆ ಎಲ್ಲಿಂದ ಬಂತು ಎಂದು ಕೇಳಬಹುದು. ಕಂಪ್ಯೂಟರ್ ಬಲ್ಲವರಾಗಿದ್ದು ಲಿನಕ್ಸ್‌ಗೆ ಹೊಸಬರಾದವರಿಗೆ ನಾನು ಹಾಕುವ ಅಂದಾಜು ಅದು. ಬಳಕೆದಾರರು, ಕಡತಗಳು, ಅನುಮತಿಗಳಿಗೆ 40 ಗಂಟೆ. ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಗೆ 25, ಅದಕ್ಕೆ ಹೆದರಿ ಆಫ್ ಮಾಡಿಬಿಡುವ ಚಟ ಮೊದಲು ಹೋಗಬೇಕು. ಜಾಲ ಮತ್ತು ಫೈರ್‌ವಾಲ್‌ಗೆ 25, ಸೇವೆಗಳು, ಬೂಟ್, ಕ್ರಾನ್‌ಗೆ 30, ಶೆಲ್ ಸ್ಕ್ರಿಪ್ಟ್‌ಗೆ 15. ಗಡಿಯಾರ ಇಟ್ಟು ಮಾಡುವ ಪೂರ್ಣ ಅಣಕು ಪರೀಕ್ಷೆಗಳಿಗೆ 20. ಉಳಿದ 45 ಗಂಟೆ ಡಿಸ್ಕ್‌ಗೆ, ಅದೇ ಅತಿ ದೊಡ್ಡ ಪಾಲು.

ಡಿಸ್ಕ್‌ಗೆ ಇಷ್ಟೇಕೆ ಎಂದರೆ ಎಫ್‌ಸ್ಟ್ಯಾಬ್ ಎಂಬ ಒಂದೇ ಕಡತದಿಂದಾಗಿ. ಯಂತ್ರ ಏಳುವಾಗ ಯಾವ ಡಿಸ್ಕನ್ನು ಎಲ್ಲಿ ಕೂಡಿಸಬೇಕು ಎಂಬುದು ಅದರಲ್ಲಿದೆ. ಒಂದೊಂದು ಸಾಲಿಗೆ 6 ಅಂಕಣ. ಮೊದಲ ಅಂಕಣದಲ್ಲಿ ಬರೆಯುವ ಯುಯುಐಡಿ ಗುರುತಿಗೆ ಅಡ್ಡಗೆರೆ ಸೇರಿ 36 ಅಕ್ಷರ. ಕೈಯಲ್ಲಿ ಟೈಪ್ ಮಾಡಿ ಒಂದು ಅಕ್ಷರ ತಪ್ಪಿದರೂ ರೀಬೂಟ್ ಆದ ಯಂತ್ರ ತುರ್ತು ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಯಂತ್ರವೇ ಏಳದಿದ್ದರೆ ಅದರಲ್ಲಿ ಸರಿಯಾಗಿ ಮಾಡಿದ ಉಳಿದ ಕೆಲಸಗಳನ್ನು ನೋಡುವವರು ಯಾರು? 300ರಲ್ಲಿ 250ರ ಕೆಲಸ ಮಾಡಿಯೂ ಬರಿಗೈಯಲ್ಲಿ ಏಳಬೇಕಾಗುತ್ತದೆ. ರೀಬೂಟ್‌ಗೆ ಮುಂಚೆ ‘ಮೌಂಟ್ ಮೈನಸ್ ಎ’ ಆಜ್ಞೆ ಕೊಟ್ಟು ನೋಡಲು ಹತ್ತು ಸೆಕೆಂಡು ಸಾಕು. ಮನೆಯಲ್ಲಿ ಬೇಕೆಂದೇ ಈ ಕಡತ ಕೆಡಿಸಿ, ತುರ್ತು ಸ್ಥಿತಿಯಿಂದ ಯಂತ್ರವನ್ನು ಮೇಲೆತ್ತುವುದನ್ನು ಐದು ನಿಮಿಷದೊಳಗೆ ಬರುವವರೆಗೆ ಮಾಡುತ್ತಿರಬೇಕು. ರೂಟ್ ಪಾಸ್‌ವರ್ಡ್ ಮರಳಿ ಹೊಂದಿಸುವುದಕ್ಕೂ ಅದೇ ಮಾತು.

ವಾರಕ್ಕೆ 10 ಗಂಟೆ ಎಂದರೆ 200 ಗಂಟೆಗೆ 20 ವಾರ. ಬೈಕಂಪಾಡಿಯಲ್ಲಿ 8 ಗಂಟೆಯ ಪಾಳಿ ಮುಗಿಸಿ ಬರುವವರಿಗೆ ದಿನವೂ ಒಂದೂವರೆ ಗಂಟೆ ಕೂರುವುದು ಕಷ್ಟವೇ. ರಾತ್ರಿ ಪಾಳಿಯ ವಾರ ಮುಟ್ಟದೆ ಬಿಟ್ಟು, ಬೆಳಗಿನ ಪಾಳಿಯ ವಾರ ಸರಿದೂಗಿಸಿಕೊಂಡರೂ ಆಗುತ್ತದೆ. ಒಟ್ಟು ಗಂಟೆ ಕಡಿಮೆಯಾಗದಿದ್ದರೆ ಸಾಕು.

ಪಾಠ ಎಲ್ಲಿ ಸಿಗುತ್ತದೆ? ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಹತ್ತು ಹತ್ತು ನಿಮಿಷದ ಲಿನಕ್ಸ್ ಪಾಠಗಳು ಕನ್ನಡದಲ್ಲೂ ಇವೆ, ಉಚಿತ. ಲಿನಕ್ಸ್ ಫೌಂಡೇಶನ್‌ನ ಆರಂಭಿಕ ಪಾಠ 2014ರಿಂದ ಎಡ್‌ಎಕ್ಸ್‌ನಲ್ಲಿ ಉಚಿತವಾಗಿದೆ, ಇಂಗ್ಲಿಷಿನಲ್ಲಿ. ರೆಡ್ ಹ್ಯಾಟ್ ಅಕಾಡೆಮಿಗೆ ಸೇರಿದ ಕಾಲೇಜಿನಲ್ಲಿ ಓದುತ್ತಿದ್ದರೆ ಪಾಠವೂ ಸಿಗುತ್ತದೆ, ಪರೀಕ್ಷಾ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಕಾಲೇಜಿನಲ್ಲಿ ಒಮ್ಮೆ ವಿಚಾರಿಸುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಕೋಚಿಂಗ್‌ಗೆ ಹೋಗಲೇಬೇಕು ಎನ್ನುವವರು ಶುಲ್ಕ ಕಟ್ಟುವ ಮೊದಲು ಕೇಳಬೇಕಾದ್ದು ಇಷ್ಟೇ: ವಾರದಲ್ಲಿ ಎಷ್ಟು ಗಂಟೆ ಯಂತ್ರ ನನ್ನ ಕೈಯಲ್ಲಿರುತ್ತದೆ? ಉತ್ತರ ಐದಕ್ಕಿಂತ ಕಡಿಮೆಯಾದರೆ ಆ ಹಣ ರ‍್ಯಾಮ್‌ಗೆ ಹಾಕಿ.

ಪರೀಕ್ಷೆ ಕನ್ನಡದಲ್ಲಿ ಇಲ್ಲ ಎಂಬ ನೋವು ನನಗಿದೆ. ಲಿನಕ್ಸ್ ಮಾತ್ರ ಕನ್ನಡವನ್ನು ಯಾವಾಗಲೋ ಒಳಗೆ ಬಿಟ್ಟುಕೊಂಡಿದೆ. ಲೋಹಿತ್ ಎಂಬ ಕನ್ನಡ ಫಾಂಟನ್ನು ರೆಡ್ ಹ್ಯಾಟ್ ಮುಕ್ತವಾಗಿ ಬಿಡುಗಡೆ ಮಾಡಿದೆ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ ದಿನಾಂಕ ಕೇಳಿದರೆ ವಾರದ ಹೆಸರು ಕನ್ನಡದಲ್ಲೇ ಮೂಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನೇ ಒಂದು ಅಭ್ಯಾಸವಾಗಿ ಮಾಡಿ ನೋಡಲಿ. ಪ್ರಶ್ನೆಯ ಇಂಗ್ಲಿಷ್ ಕಠಿಣವಲ್ಲ. ಸೇರಿಸು, ತೆಗೆ, ಬದಲಿಸು, ಕೂಡಿಸು ಎಂಬಂಥ ಕ್ರಿಯಾಪದಗಳೇ ತಿರುಗಿ ತಿರುಗಿ ಬರುತ್ತವೆ.

ಪರೀಕ್ಷೆಗೆ ಎಲ್ಲಿ ಕೂರುವುದು ಎಂಬುದಕ್ಕೂ ಖರ್ಚಿದೆ. ಬೆಂಗಳೂರಿನ ಕೇಂದ್ರಕ್ಕೆ ಹೋದರೆ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸು, ಊಟ, ಒಂದು ರಾತ್ರಿಯ ರೂಮು ಸೇರಿ 4,000 ರೂಪಾಯಿ ಎತ್ತಿಡಬೇಕು. ಮನೆಯಲ್ಲೇ ಕೂತು ಕ್ಯಾಮೆರಾ ಕಣ್ಗಾವಲಿನಲ್ಲಿ ಬರೆಯುವುದಾದರೆ ಆ ಹಣದಲ್ಲಿ ಒಳ್ಳೆಯ ವೆಬ್‌ಕ್ಯಾಮ್ ಮತ್ತು ವೈಫೈ ರೂಟರಿಗೆ ಸಣ್ಣ ಯುಪಿಎಸ್ ಎರಡೂ ಬರುತ್ತವೆ. ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ರೂಟರ್ ನಡೆಯುವುದಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯಲ್ಲಿ ಪರೀಕ್ಷೆಯ ದಿನ ಹಾಕಿಕೊಳ್ಳಲೇಬಾರದು. ಗಾಳಿಮಳೆಗೆ ತಂತಿ ಬೀಳುತ್ತದೆ. ಬೆಂಗಳೂರಿಗೆ ಹೋಗೋಣ ಎಂದರೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವ ಭಯ. ಸೆಪ್ಟೆಂಬರ್ ನಡುವೆ ಅಭ್ಯಾಸ ಶುರು ಮಾಡಿದರೆ 20 ವಾರ ಮುಗಿಯುವುದು ಫೆಬ್ರುವರಿ ಮೊದಲ ವಾರದಲ್ಲಿ. ಎಲ್‌ಎಫ್‌ಸಿಎಸ್ ಬರೆಯುವವರಿಗೆ ಈ ಪಂಚಾಂಗ ಇನ್ನೂ ಒಳ್ಳೆಯದು. ಲಿನಕ್ಸ್ ಫೌಂಡೇಶನ್ ನವೆಂಬರ್ ಕೊನೆಯಲ್ಲಿ ದೊಡ್ಡ ರಿಯಾಯಿತಿ ಬಿಡುತ್ತದೆ; ಶೇ 40 ಸಿಕ್ಕರೂ 445 ಡಾಲರ್ 267ಕ್ಕೆ ಇಳಿದು ಸುಮಾರು 23,500 ರೂಪಾಯಿ ಆಗುತ್ತದೆ. ಕೊಂಡ ದಿನದಿಂದ 12 ತಿಂಗಳೊಳಗೆ ಬರೆದರಾಯಿತು. ನವೆಂಬರ್‌ನಲ್ಲಿ ಹಣ ಕಟ್ಟುವ ಹೊತ್ತಿಗೆ ನೂರು ಗಂಟೆ ಆಗಿರುತ್ತದೆ. ಮುಂದುವರಿಯಬೇಕೋ ಬೇಡವೋ ಎಂಬುದು ಅಷ್ಟರಲ್ಲಿ ಅವರವರಿಗೇ ಗೊತ್ತಾಗಿರುತ್ತದೆ.